ಕೊಕ್ಕೆಗೆ ಕಟ್ಟಿದ ಕೂದಲು

ಮಹಾರಾಷ್ಟ್ರದ ಕಲ್ಯಾಣದಿಂದ ಮುರಬಾಡ ದಾಟಿದರೆ ಸಹ್ಯಾದ್ರಿ ಎದುರಿಗೇ ನಿಲ್ಲುತ್ತದೆ. ಮೇಲೆ ಭೀಮಾಶಂಕರದ ಕಾಡು. ಅಲ್ಲಿಂದ ಕೊಡಗಿನವರೆಗೂ ನಸುಕಿನಲ್ಲಿ ಕೂಗುವ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯ ಗರಿಗಳಲ್ಲಿ ಅರಗು ತೊಟ್ಟಿಕ್ಕಿದಂಥ ಬಿಳಿ-ಹಳದಿ ಚುಕ್ಕೆಗಳಿವೆ. ಸಾಲ್ಮನ್ ಮೀನು ಹಿಡಿಯಲು ಬ್ರಿಟನ್ನಿನವರು ಕಟ್ಟುತ್ತಿದ್ದ 'ಫ್ಲೈ' ಎಂಬ ಗಾಳಕ್ಕೆ ಈ ಚುಕ್ಕೆಯೇ ಕಣ್ಣು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಗೆ ರಕ್ಷಣೆ ಕೊಟ್ಟಿದೆ.

ಹತ್ತೊಂಬತ್ತನೇ ಶತಮಾನದ 'ಜಾಕ್ ಸ್ಕಾಟ್' ಎಂಬ ಫ್ಲೈಗೆ ಕಾಡುಕೋಳಿಯ ಜೊತೆ ನವಿಲು, ಟೂಕನ್, ಟರ್ಕಿ, ಫೆಸೆಂಟ್ ಗರಿಗಳೂ ಬೇಕಿದ್ದವು. ಸಾಲ್ಮನ್ ನದಿಗೆ ಮರಳುವುದು ಮೊಟ್ಟೆಯಿಡಲು. ಆಗ ಅದು ಹೆಚ್ಚುಕಡಿಮೆ ಉಪವಾಸ. ಹಸಿವಿಲ್ಲದ ಮೀನು ಗಾಳಕ್ಕೆ ಬಾಯಿ ಹಾಕುವುದೇಕೆ ಎಂಬುದಕ್ಕೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಅಷ್ಟೊಂದು ಅಲಂಕಾರ ಮೀನಿಗಿಂತ ಕೊಳ್ಳುವ ದೊರೆಗಳಿಗೇ ಬೇಕಿತ್ತೇನೋ!

ಉತ್ತರ ಅಮೆರಿಕದ ನದಿಗಳಲ್ಲಿ ಈ ಆಡಂಬರ ಕಳಚಿತು. ಗರಿಯ ರೆಕ್ಕೆಯ ಜಾಗಕ್ಕೆ ನರಿ, ಅಳಿಲು, ಜಿಂಕೆಬಾಲದ ಕೂದಲು ಬಂತು. ಅಗ್ಗ, ಗಟ್ಟಿ, ನೀರಿನಲ್ಲಿ ಜೀವವಿದ್ದಂತೆ ಅಲುಗುತ್ತದೆ.

ಕೆನಡಾದ ರೆಸ್ಟಿಗೂಷ್ ನದಿಯಲ್ಲಿ ಹೆಸರು ಮಾಡಿದ 'ರಸ್ಟಿ ರ್‍ಯಾಟ್' ಇಂಥದ್ದು. ಕೊಕ್ಕೆಯನ್ನು ವೈಸ್ ಎಂಬ ಇಕ್ಕಳಕ್ಕೆ ಬಿಗಿದು, ಮೈಯ ಹಿಂದಿನ ಅರ್ಧಕ್ಕೆ ತುಕ್ಕುಬಣ್ಣದ ರೇಷ್ಮೆ, ಮುಂದಿನ ಅರ್ಧಕ್ಕೆ ನವಿಲುಗರಿಯ ಎಳೆ ಸುತ್ತುತ್ತಾರೆ. ಮೇಲೆ ಚಿನ್ನದ ಬಣ್ಣದ ಜರಿ. ಆಮೇಲೆ ಬೂದು ನರಿಯ ಕೂದಲಿನ ಸಣ್ಣ ಕುಚ್ಚು. ಬುಡದ ತುಪ್ಪಳವನ್ನು ಬಾಚಿ ತೆಗೆಯದಿದ್ದರೆ ತಲೆ ದಪ್ಪವಾಗಿ ಕಟ್ಟು ಜಾರುತ್ತದೆ. ಹೊಸಬರು ಕೂದಲು ಜಾಸ್ತಿ ಇಟ್ಟುಬಿಡುತ್ತಾರೆ. ಕುಚ್ಚು ತೆಳುವಾಗಿದ್ದಷ್ಟೂ ಚೆನ್ನ. ಕೊರಳಿಗೆ ಕೋಳಿಗರಿ ಸುತ್ತಿ, ಕೆಂಪು ದಾರದಲ್ಲಿ ತಲೆ ಮುಗಿಸಿ, ವಾರ್ನಿಶ್ ಹಚ್ಚಿದರೆ ಆಯಿತು.

ಕಟ್ಟಿದ ಫ್ಲೈಯನ್ನು ಹೊಳೆಗೆ ಅಡ್ಡಲಾಗಿ, ತುಸು ಕೆಳಮುಖವಾಗಿ ಎಸೆಯಬೇಕು. ದಡದತ್ತ ತರುವ ಕೆಲಸ ಸೆಳವಿನದು. ಪ್ರತಿ ಎಸೆತಕ್ಕೂ ಒಂದು ಹೆಜ್ಜೆ ಕೆಳಕ್ಕೆ. ಮೀನು ಮುಟ್ಟಿದೊಡನೆ ಕೋಲು ಎತ್ತಿದರೆ ಕೆಟ್ಟಿತು. ಅದು ತಿರುಗಿ ದಾರ ತಾನಾಗಿ ಬಿಗಿಯುವ ತನಕ ಕೈ ತಡೆದಿರಬೇಕು.

ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಹೊರತಂದ 'ದಿ ರಾಡ್ ಇನ್ ಇಂಡಿಯಾ'ದಲ್ಲಿ, ಸೆಣಸಾಟದಲ್ಲಿ ಸಾಲ್ಮನ್‌ಗಿಂತ ನಮ್ಮ ಹೊಳೆಗಳ ಮಹಶೀರ್ ಮೀನು ಮೇಲು ಎಂದು ವಾದಿಸಿದ. ಆದರೆ ಭೀಮೇಶ್ವರಿಯ ಸುತ್ತ ಕಾವೇರಿಯಲ್ಲಿ ದೊಡ್ಡ ಮಹಶೀರ್‌ಗಳಿಗೆ ಹಾಕುತ್ತಿದ್ದ ಹೆಸರಾಂತ ಎರೆ ಫ್ಲೈ ಅಲ್ಲ, ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡುವುದು ಅಲ್ಲಿನ ಗಾಳದ ಕ್ಯಾಂಪುಗಳ ಪದ್ಧತಿಯಾಗಿತ್ತು. 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್ ಐಯುಸಿಎನ್ ಕೆಂಪುಪಟ್ಟಿಯ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು.