ಮಳೆಯ ರಾತ್ರಿ ತೋರಿದ ತಂಗುದಾಣ

ಮಕ್ಕಳು ಪರದೇಶ ಸಂಚಾರಕ್ಕೆ ಹೊರಟಾಗ ರಾತ್ರಿ ಎಲ್ಲಿ ತಂಗುವರೆಂಬುದೇ ಹೆತ್ತವರ ಮೊದಲ ಚಿಂತೆ. 'ಹಾಸ್ಟೆಲಿನಲ್ಲಿ, ಎಂಟು ಜನರ ಕೋಣೆಯಲ್ಲಿ' ಎಂದು ಮಗಳು ಹೇಳಿದರಂತೂ ಮನೆಯಲ್ಲಿ ಮೌನ ಆವರಿಸುತ್ತದೆ. ಆ ಅಳುಕು ಅಕಾರಣವಲ್ಲ. ಆದರೆ ಈ ವ್ಯವಸ್ಥೆ ಹುಟ್ಟಿದ್ದೇ ಮಕ್ಕಳ ಮೇಲಿನ ಕಾಳಜಿಯಿಂದ.

1909ರ ಆಗಸ್ಟ್ 26ರಂದು ಜರ್ಮನಿಯ ಶಿಕ್ಷಕ ರಿಚರ್ಡ್ ಶಿರ್‌ಮಾನ್ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಬಿರುಮಳೆ ಹಿಡಿಯಿತು. ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಮಲಗಿಸಿದರು. ಮಕ್ಕಳು ನಿದ್ರಿಸಿದರು, ಗುರುಗಳಿಗೆ ನಿದ್ರೆ ಬರಲಿಲ್ಲ. ರಜೆಯಲ್ಲಿ ಬರಿದಾಗಿರುವ ಶಾಲೆಗಳೇ ಬಡಮಕ್ಕಳ ತಂಗುದಾಣಗಳೇಕಾಗಬಾರದು ಎಂಬ ಆಲೋಚನೆ ಅಂದೇ ಮೂಡಿತು. ಮೊದಲು ತಮ್ಮ ಶಾಲೆಯಲ್ಲಿಯೇ ಅದನ್ನು ನಡೆಸಿ ನೋಡಿದರು. 1912ರಲ್ಲಿ ಆಲ್ಟೆನಾ ಊರಿನ ಹಳೆಯ ಕೋಟೆಯಲ್ಲಿ ಯುವಜನರ ವಸತಿಗೃಹ ಆರಂಭವಾಯಿತು. ಒಂದರ ಮೇಲೊಂದಾಗಿ ಮೂರು ಅಂತಸ್ತಿನ ಅಲ್ಲಿಯ ಮರದ ಮಂಚಗಳನ್ನು ಈಗಲೂ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಇಂದಿನ ಹಾಸ್ಟೆಲುಗಳೆಲ್ಲ ಆ ಮನೋಭಾವದವಲ್ಲ. ಕೆಲವು ಕೇವಲ ವ್ಯಾಪಾರದ ತಾಣಗಳು. ಆದ್ದರಿಂದ ವಿಚಾರಿಸಿಯೇ ಗೊತ್ತುಮಾಡಬೇಕು. ಅನೇಕ ಕಡೆ ಹೆಣ್ಣುಮಕ್ಕಳಿಗೆಂದೇ ಪ್ರತ್ಯೇಕ ಕೋಣೆಗಳಿರುತ್ತವೆ. ಅಡುಗೆಮನೆಯುಳ್ಳ ಹಾಸ್ಟೆಲು ದೊರೆತರೆ ಸಸ್ಯಾಹಾರಿಗಳಿಗೆ ಅರ್ಧ ಚಿಂತೆ ನೀಗಿದಂತೆ: ಅನ್ನ ಬೇಯಿಸಿಕೊಂಡು ಮನೆಯ ಶೇಂಗಾ ಚಟ್ನಿಪುಡಿಯೊಡನೆ ಉಣ್ಣಬಹುದು. ಪಾತ್ರೆಯನ್ನು ಮಾತ್ರ ತಾವೇ ತೊಳೆದಿಡಬೇಕು. ಗಂಡುಮಕ್ಕಳಿಗೂ ಇದರಲ್ಲಿ ವಿನಾಯಿತಿಯಿಲ್ಲ! ಪಾಸ್‌ಪೋರ್ಟು, ಹಣ ಮೈಮೇಲೆಯೇ ಇರಲಿ. ಸಾಮಾನಿನ ಪೆಟ್ಟಿಗೆಗೆ ಹಾಕಲು ಸಣ್ಣ ಬೀಗವೊಂದನ್ನು ಮನೆಯಿಂದಲೇ ಕೊಟ್ಟು ಕಳುಹಿಸಿರಿ.