ದ್ವಿಚಕ್ರದ ದೀರ್ಘಯಾನ

ಯಲಿಯೂರಿನ ಸೀಮೆಯಲ್ಲಿ ಸೈಕಲ್ಲೆಂದರೆ ಹಾಲಿನ ಕ್ಯಾನನ್ನೂ ಹುಲ್ಲಿನ ಹೊರೆಯನ್ನೂ ಹೊರುವ ಗಾಡಿ. ಕಾಲೇಜಿನ ಅಧ್ಯಾಪಕರೊಬ್ಬರು ರಜೆಯ ದಿನ ಕೋಳಿ ಕೂಗುವ ಮೊದಲೇ ಅದನ್ನೇರಿ ಇನ್ನೂರು ಕಿಲೋಮೀಟರು ತುಳಿಯಲು ಹೊರಟರೆ, ‘ಮೇಷ್ಟ್ರಿಗೆ ಸಂಬಳ ಸಾಲದೆ?’ ಎಂದು ಮರುಗುವವರೇ ಹೆಚ್ಚು.

ಈ ವ್ಯಸನಕ್ಕೂ ಒಂದು ಶಾಸ್ತ್ರವುಂಟು. ಫ್ರಾನ್ಸ್ ದೇಶದಲ್ಲಿ ರೂಢಿಗೆ ಬಂದ ‘ಬ್ರೆವೆ’ ಎಂಬ ಯಾನಕ್ರಮದಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಗಡುವು. ಊಟ, ನಿದ್ರೆ, ಪಂಕ್ಚರಿನ ದುರಸ್ತಿ ಎಲ್ಲವೂ ಅದರೊಳಗೇ ಮುಗಿಯಬೇಕು. ಮದ್ದೂರು ವಡೆಗೆ ಮನಸೋತು ಕುಳಿತವನಿಗೆ ವಿನಾಯಿತಿಯಿಲ್ಲ. ನಡುನಡುವಣ ಠಾಣೆಗಳಲ್ಲಿ ಚೀಟಿಗೆ ಮುದ್ರೆ ಬೀಳಬೇಕು. ಮೊದಲು ಬಂದವನಿಗೆ ಬಹುಮಾನವಿಲ್ಲ. ಠಾಣೆ ತೆರೆಯುವ ಹೊತ್ತಿಗೆ ಮುನ್ನವೇ ಧಾವಿಸಿ ಬಂದವನು ಕಾದು ನಿಲ್ಲಬೇಕು.

ಗುರುವಿನ ಇಂಥ ಸಂಚಾರ ಪಾಠಕ್ಕೆ ಹೊರತಾದುದಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ಶಿಷ್ಯರೊಡನೆ ಕಾಡುಮೇಡು ಅಲೆದುದರಿಂದಲೇ ಕನ್ನಡಕ್ಕೆ ‘ಹಸುರು ಹೊನ್ನು’ ಲಭಿಸಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಆದರೆ ತುಳಿಯಲು ದಾರಿ ಬೇಕಷ್ಟೆ. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಹಂಚತೊಡಗಿತು. 2023ರ ಆಗಸ್ಟ್ 1ರಿಂದ, ಮಂಡ್ಯ ಸೀಮೆಯನ್ನು ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳು ಸೈಕಲ್ಲಿಗೆ ಮುಚ್ಚಿದವು. ಅತಿವೇಗದ ವಾಹನಗಳ ನಡುವೆ ಪ್ರಾಣರಕ್ಷಣೆಗಾಗಿ ಆದ ಆ ನಿಷೇಧ ಯುಕ್ತವೇ. ಉಳಿದುದು ಪಕ್ಕದ ಸೇವಾರಸ್ತೆ. ಅಲ್ಲಿ ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳ ಮಗ್ಗುಲಲ್ಲೇ ಅಧ್ಯಾಪಕರೂ ಶಾಲೆಯ ಮಕ್ಕಳೂ ತುಳಿಯಬೇಕಾಗಿದೆ. ಆ ರಸ್ತೆಯ ಅಂಚಿನಲ್ಲಿ ಮೂರು ಮೊಳ ಅಗಲದ ಪಟ್ಟಿಯೊಂದನ್ನು ಸೈಕಲ್ಲಿಗೆಂದೇ ಮೀಸಲಿಡುವುದು ಅಸಾಧ್ಯವಾದ ಕೆಲಸವೇನಲ್ಲ.