ಬಂದ ಪತ್ರ ಕಾಣದೆ ಹೋದರೆ: ಸ್ಪ್ಯಾಮ್ ಬಗ್ಗೆ ನಾವು ತಿಳಿದಿರಬೇಕಾದದ್ದು

ವಿದ್ಯಾರ್ಥಿವೇತನ, ಸಿಇಟಿ, ನೀಟ್ ಅರ್ಜಿ ತುಂಬುವ ದಿನಗಳಲ್ಲಿ ಕಂಪ್ಯೂಟರ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂರುವುದು ನನ್ನ ಕೆಲಸಗಳಲ್ಲೊಂದು. ಆಗ ಪ್ರತಿವರ್ಷ ಕೇಳುವ ಮಾತು ಒಂದಿದೆ: "ಸರ್, ನನಗೆ ಮೇಲ್ ಬಂದೇ ಇಲ್ಲ." ಖಾತೆ ತೆರೆದು ನೋಡಿದರೆ ಎಷ್ಟೋ ಸಲ ಮೇಲ್ ಬಂದಿರುತ್ತದೆ, ಇನ್‌ಬಾಕ್ಸ್‌ನಲ್ಲಲ್ಲ, ಸ್ಪ್ಯಾಮ್ ಫೋಲ್ಡರ್‌ನಲ್ಲಿ. ದಾಖಲೆ ಸರಿಪಡಿಸಲು ಕೊಟ್ಟ ಗಡುವು ಅಷ್ಟರಲ್ಲಿ ಮುಗಿದಿದ್ದರೆ ಒಂದು ವರ್ಷದ ಫೀಸಿನ ನೆರವೇ ಕೈತಪ್ಪುತ್ತದೆ. ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬಿದ್ದ ಪತ್ರ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಆಮೇಲೆ ಹುಡುಕಿದರೂ ಸಿಗದು.

ಕೇಳದೆಯೇ ಸಾವಿರಾರು ಜನರಿಗೆ ಒಟ್ಟಿಗೆ ಕಳಿಸುವ ಪತ್ರವೇ ಸ್ಪ್ಯಾಮ್. ಇದು ಹೊಸ ಪಿಡುಗಲ್ಲ. 1978ರ ಮೇ ತಿಂಗಳಲ್ಲಿ, ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲದಲ್ಲಿ, ಗ್ಯಾರಿ ಥರ್ಕ್ ಎಂಬ ಮಾರಾಟ ಅಧಿಕಾರಿ ತನ್ನ ಕಂಪನಿಯ ಕಂಪ್ಯೂಟರ್‌ಗಳ ಜಾಹೀರಾತನ್ನು ಸುಮಾರು 400 ಜನರಿಗೆ ಕಳಿಸಿದ. ಇದನ್ನೇ ಮೊದಲ ಸ್ಪ್ಯಾಮ್ ಎನ್ನುತ್ತಾರೆ. ಕಾಗದದ ಪತ್ರಕ್ಕೆ ಅಂಚೆ ಚೀಟಿಯ ಖರ್ಚಿದೆ, ಇಮೇಲ್‌ಗೆ ಅದಿಲ್ಲ. ಲಕ್ಷ ಜನರಿಗೆ ಕಳಿಸಿ ಹತ್ತು ಜನ ಮೋಸಹೋದರೂ ಕಳಿಸಿದವನಿಗೆ ಲಾಭವೇ. ಆದ್ದರಿಂದ ಇದು ನಿಲ್ಲುವುದಿಲ್ಲ, ಸೋಸಬೇಕಾಗುತ್ತದೆ.

ಸೋಸುವ ಯಂತ್ರ ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತದೆ.

ಮೊದಲನೆಯದು, ಕಳಿಸಿದವರು ಯಾರು? ಲಕೋಟೆಯ ಹಿಂದೆ ಯಾರ ಹೆಸರನ್ನಾದರೂ ಬರೆಯಬಹುದಾದಂತೆ ಇಮೇಲ್‌ನಲ್ಲೂ ಸುಳ್ಳು ಹೆಸರು ಹಾಕಬಹುದು. ಅದನ್ನು ಹಿಡಿಯಲು ಮೂರು ವ್ಯವಸ್ಥೆಗಳಿವೆ. ಎಸ್‌ಪಿಎಫ್ ಎಂಬುದು, ಒಂದು ಸಂಸ್ಥೆಯ ಹೆಸರಿನಲ್ಲಿ ಪತ್ರ ಕಳಿಸಲು ಅನುಮತಿಯಿರುವ ಸರ್ವರ್‌ಗಳ ಪಟ್ಟಿ. ಡಿಕಿಮ್ ಎಂಬುದು ಪತ್ರದ ಮೇಲಿನ ಡಿಜಿಟಲ್ ಮೊಹರು. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಮೊಹರು ಹೊಂದುವುದಿಲ್ಲ. ಇವೆರಡೂ ತಾಳೆಯಾಗದ ಪತ್ರವನ್ನು ಸ್ಪ್ಯಾಮ್‌ಗೆ ಹಾಕಬೇಕೋ ತಿರಸ್ಕರಿಸಬೇಕೋ ಎಂದು ಸಂಸ್ಥೆಯೇ ತಿಳಿಸಿಡುವ ಸೂಚನೆ ಡಿಮಾರ್ಕ್.

ಎರಡನೆಯದು, ಒಳಗೆ ಏನಿದೆ? ದ್ವಿತೀಯ ಪಿಯುಸಿ ಗಣಿತದ ಸಂಭವನೀಯತೆ ಪಾಠದಲ್ಲಿ ಬೇಯ್ಸ್ ಪ್ರಮೇಯ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಪದ ಸ್ಪ್ಯಾಮ್ ಪತ್ರಗಳಲ್ಲಿ ಎಷ್ಟು ಸಲ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಆ ಪದವಿರುವ ಹೊಸ ಪತ್ರ ಸ್ಪ್ಯಾಮ್ ಆಗಿರುವ ಸಂಭವವನ್ನು ಲೆಕ್ಕಹಾಕಬಹುದು. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಈ ವಿಧಾನ ಹೆಸರಾಯಿತು. ಇಂದಿನ ಸೋಸುವಿಕೆ ಇದಕ್ಕಿಂತ ಬಹಳ ಮುಂದೆ ಹೋಗಿದೆ, ಆದರೂ ಅಡಿಯಲ್ಲಿರುವುದು ಸಂಭವನೀಯತೆಯೇ.

ಮೂರನೆಯದು, ಓದುವವರು ಏನು ಮಾಡುತ್ತಾರೆ? ಆ ವಿಳಾಸದ ಪತ್ರಗಳನ್ನು ಜನ ತೆರೆದು ಉತ್ತರಿಸುತ್ತಾರೋ, ಸ್ಪ್ಯಾಮ್ ಎಂದು ದೂರುತ್ತಾರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಒಳ್ಳೆಯ ಪತ್ರ ಸಿಕ್ಕಿಬೀಳುವುದು ಯಾಕೆಂದು ಈಗ ಊಹಿಸಬಹುದು. "ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಬ್ಯಾಂಕ್ ಖಾತೆಯ ವಿವರ ಕಳಿಸಿ, ಇಂದೇ ಕೊನೆಯ ದಿನ" ಎಂಬ ಮಾತುಗಳು ಮೋಸದ ಪತ್ರದಲ್ಲೂ ಇರುತ್ತವೆ, ನಿಜವಾದ ಸ್ಕಾಲರ್‌ಶಿಪ್ ಪತ್ರದಲ್ಲೂ ಇರುತ್ತವೆ. ಅದರ ಮೇಲೆ ಸಣ್ಣ ಟ್ರಸ್ಟೊಂದು ಎಸ್‌ಪಿಎಫ್, ಡಿಕಿಮ್ ಸರಿಪಡಿಸಿಕೊಳ್ಳದೆ ನೂರಾರು ಮಕ್ಕಳಿಗೆ ಒಮ್ಮೆಲೇ ಕಳಿಸಿದರೆ ಯಂತ್ರಕ್ಕೆ ಸಂಶಯ ಬರುವುದು ಸಹಜ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಅರ್ಜಿಯಲ್ಲಿ ನಿಮ್ಮದೇ ಇಮೇಲ್ ಕೊಡಿ. ಸೈಬರ್ ಸೆಂಟರಿನವರ ವಿಳಾಸ ಹಾಕಿಸಿಕೊಂಡು ಬರುವವರು ಇದ್ದಾರೆ. ಗಲ್ಫ್‌ನಲ್ಲಿ ದುಡಿಯುವ ತಂದೆಯ ವಿಳಾಸ ಕೊಡುವವರೂ ಇದ್ದಾರೆ. ಪತ್ರ ಅಲ್ಲಿಗೆ ಹೋಗುತ್ತದೆ, ನಿಮಗೆ ತಿಳಿಯುವುದಿಲ್ಲ.

ಅರ್ಜಿ ಹಾಕಿದ ಮೇಲೆ ವಾರಕ್ಕೆ ಎರಡು ಸಲವಾದರೂ ಸ್ಪ್ಯಾಮ್ ಫೋಲ್ಡರ್ ನೋಡಿ. 'ಪ್ರಮೋಷನ್ಸ್' ವಿಭಾಗವನ್ನೂ ನೋಡಿ. ಒಳ್ಳೆಯ ಪತ್ರ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಎಂಬ ಗುಂಡಿ ಒತ್ತಿ, ಆ ವಿಳಾಸವನ್ನು ಕಾಂಟ್ಯಾಕ್ಟ್ಸ್‌ಗೆ ಸೇರಿಸಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದರೆ, ಒಂದು ವಿಳಾಸದ ಪತ್ರವನ್ನು ಎಂದೂ ಸ್ಪ್ಯಾಮ್‌ಗೆ ಕಳಿಸಬಾರದೆಂದು ಫಿಲ್ಟರ್ ಹಾಕಲೂ ಬರುತ್ತದೆ.

ಜಾಗ ತುಂಬದಂತೆ ನೋಡಿಕೊಳ್ಳಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋ ಮೂರೂ ಸೇರಿವೆ. ಮದುವೆಯ ವಿಡಿಯೋಗಳಿಂದ ಅದು ತುಂಬಿದರೆ ಹೊಸ ಮೇಲ್ ಒಳಗೆ ಬರುವುದಿಲ್ಲ, ಸ್ಪ್ಯಾಮ್‌ನಲ್ಲೂ ಸಿಗದು.

ಬೇಡದ ಪತ್ರವನ್ನೆಲ್ಲ 'ಸ್ಪ್ಯಾಮ್' ಎಂದು ಒತ್ತಬೇಡಿ. ನೀವೇ ಹೆಸರು ನೋಂದಾಯಿಸಿದ್ದ ಸಂಸ್ಥೆಯ ಪತ್ರ ಸಾಕೆನಿಸಿದರೆ 'ಅನ್‌ಸಬ್‌ಸ್ಕ್ರೈಬ್' ಮಾಡಿ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ ಫೆಬ್ರವರಿ 2024ರಿಂದ ಮೇಲಿನ ಮೂರೂ ವ್ಯವಸ್ಥೆಗಳನ್ನು ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರುಗಳು ಶೇಕಡಾ 0.3ನ್ನು, ಅಂದರೆ ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಸುಮ್ಮನೆ ಒತ್ತಿದ ಮೂರು ಬೆರಳುಗಳು ಸಾವಿರ ಮಕ್ಕಳ ಪತ್ರಕ್ಕೆ ಅಡ್ಡಬರಬಹುದು. ಆದರೆ ಪರಿಚಯವೇ ಇಲ್ಲದವರ ಪತ್ರದಲ್ಲಿ 'ಅನ್‌ಸಬ್‌ಸ್ಕ್ರೈಬ್' ಕೊಂಡಿ ಒತ್ತಬೇಡಿ. ಈ ವಿಳಾಸದಲ್ಲಿ ಓದುವವರಿದ್ದಾರೆಂದು ಅವರಿಗೆ ನೀವೇ ತಿಳಿಸಿದಂತಾಗುತ್ತದೆ. ಅಂಥದ್ದನ್ನು ಸ್ಪ್ಯಾಮ್ ಎಂದೇ ದೂರಿ.

ಇನ್ನೊಂದು ಎಚ್ಚರಿಕೆ. ಸ್ಪ್ಯಾಮ್‌ನಲ್ಲಿರುವುದೆಲ್ಲ ಮೋಸವಲ್ಲ, ಇನ್‌ಬಾಕ್ಸ್‌ನಲ್ಲಿರುವುದೆಲ್ಲ ನಿಜವೂ ಅಲ್ಲ. ಮೋಸಗಾರನೂ ತನ್ನದೇ ವೆಬ್ ಹೆಸರು ಕೊಂಡು ಅದಕ್ಕೆ ಸರಿಯಾದ ಮೊಹರು ಹಾಕಬಲ್ಲ. ಆದ್ದರಿಂದ ಕೊಂಡಿಯಲ್ಲಿರುವ ವೆಬ್ ಹೆಸರಿನ ಕೊನೆಯ ಭಾಗವನ್ನು ನೋಡಿ. ಸರ್ಕಾರಿ ತಾಣದ ಹೆಸರು ಸಾಮಾನ್ಯವಾಗಿ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ. ನಡುವೆ 'ಗವ್ ಡಾಟ್ ಇನ್' ಎಂದಿದ್ದು ಕೊನೆಗೆ ಬೇರೆ ಹೆಸರಿದ್ದರೆ ಅದು ಬೇರೆಯವರದ್ದೇ. ಸಂಶಯವಿದ್ದರೆ ಕೊಂಡಿ ಒತ್ತದೆ, ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಒಟಿಪಿ, ಎಟಿಎಂ ಪಿನ್ ಕೇಳಿದರೆ ಅದು ಮೋಸವೇ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ; ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಕಳಿಸುವ ಸರದಿ ನಮ್ಮದಾದಾಗಲೂ ಕೆಲವು ಕ್ರಮಗಳಿವೆ. ವಿಷಯದ ಸಾಲು ಖಾಲಿ ಬಿಡಬೇಡಿ. "ಅರ್ಜೆಂಟ್!!!" ಎನ್ನುವ ಬದಲು "ವಿದ್ಯಾರ್ಥಿವೇತನ ಅರ್ಜಿ, ಆದಾಯ ಪ್ರಮಾಣಪತ್ರ ಲಗತ್ತಿಸಿದೆ" ಎಂದು ಬರೆಯಿರಿ. ಬರಿಯ ಫೋಟೋ ಅಂಟಿಸಿ ಕಳಿಸದೆ ಎರಡು ಸಾಲು ವಿಷಯ, ಹೆಸರು, ತರಗತಿ ಬರೆಯಿರಿ. ವಿಳಾಸ ನಿಮ್ಮ ಹೆಸರಿನಲ್ಲಿರಲಿ. 'ಕಿಂಗ್', 'ಡಾನ್' ಎಂಬ ವಿಳಾಸದಿಂದ ಬಂದ ಅರ್ಜಿಯನ್ನು ಯಂತ್ರ ಒಪ್ಪಿದರೂ ಓದುವವರು ಒಪ್ಪಬೇಕಲ್ಲ! ಪೋಷಕರಿಗೆ ಸುತ್ತೋಲೆ ಕಳಿಸುವ ಸಿಬ್ಬಂದಿ ಮಿತ್ರರಿಗೂ ಒಂದು ಮಾತು: ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500 ಜನರ ಮಿತಿಯಿದೆ. ತರಗತಿವಾರು ಭಾಗಮಾಡಿ, ಪ್ರತಿಸಲ ಒಂದೇ ವಿಳಾಸದಿಂದ ಕಳಿಸುವುದು ಒಳ್ಳೆಯದು.

ಈ ಸಂಚಿಕೆ ಕೈಯಲ್ಲಿರುವಾಗಲೇ ಮೊಬೈಲ್‌ನಲ್ಲಿ ಸ್ಪ್ಯಾಮ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ನಿಜವೋ ಮೋಸವೋ ತಿಳಿಯದ ಪತ್ರವಿದ್ದರೆ, ಏನನ್ನೂ ಒತ್ತದೆ ಹಾಗೆಯೇ ಲ್ಯಾಬಿಗೆ ತನ್ನಿ. ಕೂತು ನೋಡೋಣ.